ಸಾರ್ವಜನಿಕ ಕಡತ, ಸಾರ್ವಜನಿಕ ಶಾಲೆ ಮತ್ತು ಸ್ವತಂತ್ರ ತಂತ್ರಾಂಶ



ಸರ್ಕಾರಿ ಕಚೇರಿಗಳ ಹಾಗೂ ಶಾಲೆಗಳ ಗಣಕಯಂತ್ರಗಳು ಯಾವ ಬಗೆಯ ತಂತ್ರಾಂಶದಿಂದ ನಡೆಯಬೇಕು ಎಂಬುದು ಮೇಲ್ನೋಟಕ್ಕೆ ಖರೀದಿ ವಿಭಾಗದ ಮೇಜಿನ ಮೇಲೆ ತೀರ್ಮಾನವಾಗಬೇಕಾದ ಸಣ್ಣ ವಿಷಯದಂತೆ ಕಾಣುತ್ತದೆಯಾದರೂ, ಅದರ ಬೇರುಗಳು ಆಡಳಿತ, ಶಿಕ್ಷಣ ಮತ್ತು ಭಾಷೆಯ ಆಳಕ್ಕೆ ಇಳಿದಿವೆ ಎಂಬುದು ಈ ಉಪನ್ಯಾಸದ ಪ್ರತಿಪಾದನೆ. ಸ್ವತಂತ್ರ ತಂತ್ರಾಂಶವೆಂದರೇನು ಎಂಬ ವಿವರಣೆಯಿಂದ ಆರಂಭಿಸಿ, ಸರ್ಕಾರದ ದಾಖಲೆಗಳಿಗೂ ಅದಕ್ಕೂ ಇರುವ ಸಂಬಂಧವನ್ನು ಗುರುತಿಸಿ, ಬಳಿಕ ನೆರೆಯ ಕೇರಳದ ಶಾಲೆಗಳ ಅನುಭವವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಿ, ಅದರ ಬೆಳಕಿನಲ್ಲಿ ಗಣಕದ ಮೇಲೆ ಕನ್ನಡ ನಡೆದು ಬಂದ ದಾರಿಯನ್ನು ನೋಡುವುದು ಇಂದಿನ ಉದ್ದೇಶ. ಈ ಹಾದಿಯಲ್ಲಿ ಎದುರಾಗುವ ತೊಡಕುಗಳನ್ನು ಮರೆಮಾಚದೆ ಕೊನೆಯಲ್ಲಿ ಪ್ರಸ್ತಾಪಿಸಲಾಗುವುದು.

ಮೊದಲಿಗೆ ಪರಿಭಾಷೆ. ಗಣಕಯಂತ್ರಕ್ಕೆ ಏನು ಮಾಡಬೇಕೆಂದು ತಿಳಿಸುವ ಆದೇಶಗಳನ್ನು ಮನುಷ್ಯರು ಓದಿ ಅರಿಯಬಲ್ಲ ರೂಪದಲ್ಲಿ ಬರೆದಾಗ ಅದು ಮೂಲ ಸಂಕೇತ ಎನಿಸುತ್ತದೆ. ಯಂತ್ರ ಮಾತ್ರ ಅರಿಯುವ ರೂಪಕ್ಕೆ ಅದನ್ನು ಬದಲಿಸಿದಾಗ ಬಳಕೆದಾರನ ಕೈಗೆ ಬರುವ ತಂತ್ರಾಂಶ ಸಿದ್ಧವಾಗುತ್ತದೆ. ಸ್ವಾಮ್ಯದ ತಂತ್ರಾಂಶದಲ್ಲಿ ಮೂಲ ಸಂಕೇತ ತಯಾರಕರ ಬಳಿಯೇ ಉಳಿಯುತ್ತದೆ ಮತ್ತು ಬಳಕೆದಾರನಿಗೆ ಸಿಗುವುದು ಷರತ್ತುಬದ್ಧ ಬಳಕೆಯ ಅನುಮತಿ ಮಾತ್ರ. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದಾಗ ಅವರು ಎತ್ತಿ ಹಿಡಿದದ್ದು ಇದಕ್ಕೆ ವಿರುದ್ಧವಾದ ತತ್ತ್ವವನ್ನು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಅದು ಕೆಲಸ ಮಾಡುವ ಬಗೆಯನ್ನು ಅಧ್ಯಯನ ಮಾಡಿ ಬದಲಿಸಿಕೊಳ್ಳುವ, ಪ್ರತಿಗಳನ್ನು ಇತರರಿಗೆ ಹಂಚುವ ಮತ್ತು ತಾನು ಮಾಡಿದ ಬದಲಾವಣೆಯನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಬಳಕೆದಾರನಿಗೆ ಇದ್ದರೆ ಮಾತ್ರ ಅದು ಸ್ವತಂತ್ರ ತಂತ್ರಾಂಶ. 1989ರಲ್ಲಿ ಹೊರಬಂದ ಜಿಪಿಎಲ್ ಎಂಬ ಪರವಾನಗಿಯು, ಬದಲಿಸಿದ ತಂತ್ರಾಂಶವನ್ನು ಹಂಚುವವನು ಅದೇ ಸ್ವಾತಂತ್ರ್ಯಗಳನ್ನು ಮುಂದಿನವನಿಗೂ ಕೊಡಬೇಕೆಂಬ ಕಟ್ಟುಪಾಡನ್ನು ಕಾನೂನಿನ ಭಾಷೆಯಲ್ಲಿ ಬರೆಯಿತು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಿರುಳು (ಕರ್ನಲ್) ಮರುವರ್ಷವೇ ಈ ಪರವಾನಗಿಯ ಅಡಿಗೆ ಬಂದು ಗ್ನೂ ಯೋಜನೆಯ ಭಾಗಗಳೊಂದಿಗೆ ಕೂಡಿಕೊಂಡಾಗ, ಒಂದು ಗಣಕವನ್ನು ಪೂರ್ಣವಾಗಿ ನಡೆಸಬಲ್ಲ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆ ಜಗತ್ತಿಗೆ ದೊರೆಯಿತು.

ಇಂಗ್ಲಿಷಿನಲ್ಲಿ ಪುಕ್ಕಟೆ ಎಂಬುದಕ್ಕೂ ಸ್ವತಂತ್ರ ಎಂಬುದಕ್ಕೂ ಒಂದೇ ಪದವಿರುವುದರಿಂದ ಅಲ್ಲಿ ಹುಟ್ಟಿದ ಗೊಂದಲ ಇಂದಿಗೂ ನೀಗಿಲ್ಲ. ಕನ್ನಡಕ್ಕೆ ಆ ಕಷ್ಟವಿಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ ಎಂಬುದು ಕನ್ನಡ ಬಲ್ಲ ಮಗುವಿಗೂ ತಿಳಿಯುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಕನ್ನಡದ ಅನುಭವವನ್ನು ಚರ್ಚಿಸುವಾಗ ಎಲ್ಲವೂ ಈ ಎರಡು ಪದಗಳ ನಡುವಿನ ಅಂತರದಲ್ಲೇ ನಿಲ್ಲುತ್ತದೆ.

ಈಗ ಸರ್ಕಾರದ ಕಡೆಗೆ ತಿರುಗಬಹುದು. ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ವಾದ ಬಂದದ್ದು ದಕ್ಷಿಣ ಅಮೆರಿಕದ ಪೆರು ದೇಶದಿಂದ. ಸರ್ಕಾರಿ ಕಚೇರಿಗಳಲ್ಲಿ ಸ್ವತಂತ್ರ ತಂತ್ರಾಂಶವನ್ನು ಬಳಸಬೇಕೆಂಬ ಮಸೂದೆಯನ್ನು ಮಂಡಿಸಿದ್ದ ಅಲ್ಲಿನ ಸಂಸದ ಎಡ್ಗರ್ ವಿಯಾನುಯೆವಾ, ಅದನ್ನು ಆಕ್ಷೇಪಿಸಿದ ಮೈಕ್ರೋಸಾಫ್ಟ್ ಸಂಸ್ಥೆಯ ಪೆರು ಶಾಖೆಯ ಮುಖ್ಯಸ್ಥರಿಗೆ 2002ರಲ್ಲಿ ಬರೆದ ದೀರ್ಘ ಪತ್ರದಲ್ಲಿ, ಮಸೂದೆಯ ಆಧಾರ ಬೆಲೆಯಲ್ಲ ಎಂಬುದನ್ನು ಬಿಡಿಸಿ ಹೇಳಿದರು. ಸಾರ್ವಜನಿಕ ಮಾಹಿತಿ ಪ್ರಜೆಗಳಿಗೆ ತಡೆಯಿಲ್ಲದೆ ಸಿಗಬೇಕು, ಸಾರ್ವಜನಿಕ ದತ್ತಾಂಶ ಕಾಲಾಂತರದಲ್ಲೂ ಉಳಿಯಬೇಕು, ರಾಷ್ಟ್ರದ ಮತ್ತು ಪ್ರಜೆಗಳ ಭದ್ರತೆಗೆ ಧಕ್ಕೆ ಬರಬಾರದು ಎಂಬ ಮೂರು ಹೊಣೆಗಳನ್ನು ಸರ್ಕಾರ ಹೊತ್ತಿರುವುದರಿಂದ, ಒಳಗೇನಿದೆಯೆಂದು ತಾನೇ ನೋಡಲಾಗದ ತಂತ್ರಾಂಶದ ಮೇಲೆ ಅದು ಅವಲಂಬಿತವಾಗಬಾರದು ಎಂಬುದು ಅವರ ತರ್ಕದ ಸಾರ.

ಈ ಮೂರರಲ್ಲಿ ಎರಡನೆಯದು ಕರ್ನಾಟಕದವರಿಗೆ ಸುಲಭವಾಗಿ ಅರ್ಥವಾಗುವಂಥದ್ದು. 2000ದ ಆಸುಪಾಸಿನಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಭೂಮಿ ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಗಣಕಕ್ಕೆ ಸಾಗಿಸಿತು. ಶಾನುಭೋಗರ ಕಾಲದ ಕಾಗದದ ಲೆಕ್ಕ ಹಾಳಾಗಬಹುದಿತ್ತು, ತಿದ್ದುಪಡಿಗೆ ಒಳಗಾಗಬಹುದಿತ್ತು. ಆದರೆ ಅದನ್ನು ಓದಲು ಕಣ್ಣು ಮತ್ತು ಅಕ್ಷರಜ್ಞಾನ ಸಾಕಾಗಿದ್ದವು. ಗಣಕದಲ್ಲಿರುವ ದಾಖಲೆಯನ್ನು ಓದಲು ಅದನ್ನು ಬರೆದ ತಂತ್ರಾಂಶವೋ, ಅದರ ಕಡತದ ಒಳರಚನೆಯ ಪೂರ್ಣ ವಿವರಣೆಯೋ ಬೇಕಾಗುತ್ತದೆ. ಒಂದು ಹೊಲದ ಹಕ್ಕಿನ ಪ್ರಶ್ನೆ ಮೂರು ತಲೆಮಾರುಗಳ ಬಳಿಕ ನ್ಯಾಯಾಲಯಕ್ಕೆ ಬರಬಹುದಾದ ದೇಶದಲ್ಲಿ, ದಾಖಲೆಯ ಬೀಗದಕೈ ಖಾಸಗಿ ತಯಾರಕರ ಬಳಿ ಇರಬಾರದು. ತಂತ್ರಾಂಶ ಸ್ವತಂತ್ರವಾಗಿದ್ದು ಕಡತದ ರಚನೆ ಮುಕ್ತ ಶಿಷ್ಟತೆಗೆ ಬದ್ಧವಾಗಿದ್ದರೆ, ತಯಾರಿಸಿದವರು ಅಂಗಡಿ ಮುಚ್ಚಿದರೂ ಬೇರೊಬ್ಬರು ಅದನ್ನು ಮುಂದುವರಿಸಬಲ್ಲರು.

ಬೆಂಬಲದ ಅವಧಿಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡೇ ಇದೆ. 2014ರ ಏಪ್ರಿಲಿನಲ್ಲಿ ವಿಂಡೋಸ್ ಎಕ್ಸ್‌ಪಿಗೂ 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೂ ತಯಾರಕರ ಸಾಮಾನ್ಯ ಬೆಂಬಲ ನಿಂತಾಗ, ಸುಸ್ಥಿತಿಯಲ್ಲಿದ್ದ ಅಸಂಖ್ಯ ಯಂತ್ರಗಳು ಹೊಸ ಆವೃತ್ತಿಗೆ ಬೇಕಾದ ಭಾಗಗಳಿಲ್ಲವೆಂಬ ಕಾರಣಕ್ಕೆ ಮೂಲೆ ಸೇರುವ ಸ್ಥಿತಿಗೆ ಬಂದವು. ಎಕ್ಸ್‌ಪಿಯ ಸಂದರ್ಭದಲ್ಲಿ ತಮಿಳುನಾಡು ಸರ್ಕಾರ ತನ್ನ ಇಲಾಖೆಗಳಿಗೆ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸ್ ಅನ್ನು ಅಳವಡಿಸಿಕೊಳ್ಳುವಂತೆ ಸೂಚಿಸಿತ್ತು. ಹಳೆಯ ಯಂತ್ರಗಳ ಮೇಲೂ ಹಗುರವಾಗಿ ನಡೆಯಬಲ್ಲ ಲಿನಕ್ಸ್ ಆವೃತ್ತಿಗಳು ಇರುವುದು, ಪ್ರತಿ ಐದು ವರ್ಷಕ್ಕೊಮ್ಮೆ ಹೊಸ ಗಣಕ ಕೊಳ್ಳಲಾರದ ಹಳ್ಳಿಯ ಪ್ರೌಢಶಾಲೆಗೆ ಸಣ್ಣ ಅನುಕೂಲವೇನಲ್ಲ.

ಶಾಲೆಯ ಮಾತು ಬಂದಿರುವುದರಿಂದ ಈ ಉಪನ್ಯಾಸದ ಮುಖ್ಯ ಉದಾಹರಣೆಯತ್ತ ಸಾಗುವುದು ಸೂಕ್ತ. ಕೇರಳದ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಶಿಕ್ಷಣವನ್ನು ರೂಪಿಸಲು ನೇಮಕವಾದ ಕಾರ್ಯಪಡೆಯ ಅಧ್ಯಕ್ಷರಾಗಿದ್ದವರು ಇಸ್ರೋದ ಮಾಜಿ ಅಧ್ಯಕ್ಷರೂ ಉಡುಪಿ ಸೀಮೆಯ ಅದಮಾರಿನವರೂ ಆದ ಯು. ಆರ್. ರಾವ್. ಅವರ ವರದಿಯ ಆಧಾರದ ಮೇಲೆ 2001ರಲ್ಲಿ 'ಐಟಿ ಅಟ್ ಸ್ಕೂಲ್' ಎಂಬ ಯೋಜನೆ ಆರಂಭವಾಯಿತು. ಅದೇ ವರ್ಷ ತಿರುವನಂತಪುರದಲ್ಲಿ ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕೂಡ ಹುಟ್ಟಿತು. ಆದರೆ ಶಾಲೆಗಳು ಮೊದಲ ದಿನದಿಂದಲೇ ಸ್ವತಂತ್ರ ತಂತ್ರಾಂಶವನ್ನು ಆರಿಸಿಕೊಂಡವೆಂದು ಭಾವಿಸಬಾರದು. ಆರಂಭದ ಪಠ್ಯಗಳು ಒಂದೇ ಕಂಪನಿಯ ಸ್ವಾಮ್ಯದ ತಂತ್ರಾಂಶವನ್ನು ಆಧರಿಸಿದ್ದವು. ಸರ್ಕಾರವೇ ಖಾಸಗಿ ಸಂಸ್ಥೆಯೊಂದಕ್ಕೆ ಮುಂದಿನ ತಲೆಮಾರಿನ ಗಿರಾಕಿಗಳನ್ನು ತಯಾರು ಮಾಡಿಕೊಡುವುದು ಸರಿಯೇ ಎಂಬ ಪ್ರಶ್ನೆಯನ್ನು ಶಿಕ್ಷಕರೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರೂ ಬಲವಾಗಿ ಎತ್ತಿದ ಬಳಿಕ, ಕೆಲವು ವರ್ಷಗಳ ಅವಧಿಯಲ್ಲಿ ಪಠ್ಯ, ತರಬೇತಿ, ಪ್ರಯೋಗಾಲಯ ಮತ್ತು ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆ ಎಲ್ಲವೂ ಗ್ನೂ ಲಿನಕ್ಸ್‌ಗೆ ಬದಲಾದವು. 2017ರಲ್ಲಿ ಈ ಯೋಜನೆ 'ಕೈಟ್' ಎಂಬ ಹೆಸರಿನ ಸರ್ಕಾರಿ ಕಂಪನಿಯಾಯಿತು. ಮರುವರ್ಷ ಆರಂಭವಾದ ಹೈಟೆಕ್ ಶಾಲೆ ಕಾರ್ಯಕ್ರಮದ ಅಡಿಯಲ್ಲಿ 45,000 ತರಗತಿ ಕೋಣೆಗಳಿಗೆ ಗಣಕ ಮತ್ತು ಪ್ರೊಜೆಕ್ಟರ್ ತಲುಪಿಸುವ ಕೆಲಸ ನಡೆದದ್ದೂ ಇದೇ ವ್ಯವಸ್ಥೆಯ ಮೇಲೆ.

ಇದರಿಂದಾದ ಲಾಭವನ್ನು ಹಣದಲ್ಲಿ ಅಳೆಯುವ ರೂಢಿಯಿದೆ. 2 ಲಕ್ಷಕ್ಕೂ ಮಿಕ್ಕಿದ ಶಾಲಾ ಗಣಕಗಳಿಗೆ ಹೊಸ ಆವೃತ್ತಿಯನ್ನು ಅಳವಡಿಸಲು ಹೊರಟ 2019ರಲ್ಲಿ, ಸುಮಾರು 3,000 ಕೋಟಿ ರೂಪಾಯಿ ಉಳಿತಾಯವಾಗುತ್ತದೆ ಎಂಬುದು ಕೈಟ್ ನೀಡಿದ ಅಂದಾಜು. ಈ ಮೊತ್ತವನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕು. ಏಕೆಂದರೆ ಪ್ರತಿಯೊಂದು ಗಣಕಕ್ಕೂ ಅಷ್ಟೂ ಬಗೆಯ ಸ್ವಾಮ್ಯದ ತಂತ್ರಾಂಶಗಳನ್ನು ಮಾರುಕಟ್ಟೆ ದರದಲ್ಲಿ ಕೊಂಡಿದ್ದರೆ ಎಂಬ ಊಹೆಯ ಮೇಲೆ ಅದು ನಿಂತಿದೆ, ಮತ್ತು ಯಾವ ರಾಜ್ಯವೂ ಅಷ್ಟನ್ನು ಖರ್ಚು ಮಾಡುತ್ತಿರಲಿಲ್ಲ. ಚಿತ್ರ ಬರೆಯುವ, ಧ್ವನಿ ಸಂಕಲಿಸುವ, ನಕ್ಷೆ ನೋಡುವ, ಧಾತುಗಳ ಆವರ್ತ ಕೋಷ್ಟಕವನ್ನು ಪರಿಶೀಲಿಸುವ, ಸಣ್ಣ ಕ್ರಮವಿಧಿ ಬರೆಯುವ ಸಾಧನಗಳು ಸರ್ಕಾರಿ ಶಾಲೆಯ ಮಗುವಿಗೆ ಎಂದೂ ತಲುಪದೇ ಹೋಗುತ್ತಿದ್ದವು ಎಂಬುದೇ ಆ ಅಂಕಿಯ ನಿಜವಾದ ಅರ್ಥ. ಗಿಂಪ್, ಇಂಕ್‌ಸ್ಕೇಪ್, ಮಾರ್ಬಲ್, ಕಾಲ್ಜಿಯಂ, ಜಿಕಾಂಪ್ರಿಯಂಥ ತಂತ್ರಾಂಶಗಳು ಒಂದೇ ಸಂಗ್ರಹವಾಗಿ ಬಂದಾಗ, ಗಣಕ ತರಗತಿಯೆಂದರೆ ಪತ್ರ ಬೆರಳಚ್ಚಿಸಲು ಕಲಿಯುವುದು ಎಂಬ ಕಲ್ಪನೆಯೇ ಹಿಂದೆ ಸರಿದು, ಗಣಕವು ವಿಜ್ಞಾನ, ಸಮಾಜ, ಗಣಿತ ಪಾಠಗಳ ಉಪಕರಣವಾಯಿತು.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಕೈಟ್ ತನ್ನ ಶಾಲೆಗಳಿಗೆ ಕೊಡುವ ಕಾರ್ಯಾಚರಣ ವ್ಯವಸ್ಥೆಯು ಉಬುಂಟು ಎಂಬ ಜಗತ್ಪ್ರಸಿದ್ಧ ಆವೃತ್ತಿಯನ್ನು ಆಧರಿಸಿದ್ದರೂ, ಅದರೊಳಗೆ ಏನಿರಬೇಕು, ಯಾವ ತರಗತಿಗೆ ಯಾವುದು ಕಾಣಬೇಕು, ಯಾವ ಅಕ್ಷರವಿನ್ಯಾಸ ಸೇರಬೇಕು ಎಂಬುದನ್ನು ತೀರ್ಮಾನಿಸುವವರು ಆ ರಾಜ್ಯದ ಶಿಕ್ಷಕರೇ. ಮೂಲ ಸಂಕೇತ ತೆರೆದಿರುವುದರಿಂದಲೇ ಇದು ಸಾಧ್ಯವಾಯಿತು. ತಂತ್ರಾಂಶದ ಪ್ರತಿಯನ್ನು ಮನೆಗೆ ಒಯ್ದ ಮಗು ಕಳ್ಳತನ ಮಾಡಿದಂತಾಗುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಸಹಪಾಠಿಯೊಂದಿಗೆ ಪುಸ್ತಕ ಹಂಚಿಕೊಳ್ಳಬೇಕೆಂದು ಕಲಿಸುವ ಶಾಲೆ, ಪಕ್ಕದ ಕೋಣೆಯಲ್ಲಿ ಪ್ರತಿ ಮಾಡುವುದೇ ಅಪರಾಧವೆಂದು ಕಲಿಸಬೇಕಾದ ಇಕ್ಕಟ್ಟು ಅಲ್ಲಿ ಉಳಿಯಲಿಲ್ಲ. 2018ರಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ವಿದ್ಯಾರ್ಥಿ ಸಂಘಗಳು ಪ್ರೌಢಶಾಲೆಗಳಲ್ಲಿ ಅನಿಮೇಶನ್, ಕ್ರಮವಿಧಿ ರಚನೆ, ವಿದ್ಯುನ್ಮಾನ ಉಪಕರಣಗಳ ಜೋಡಣೆ ಮತ್ತು ಮಲಯಾಳಂ ಗಣಕ ಬಳಕೆಯನ್ನು ಕಲಿಸುತ್ತಿವೆ. ಬಳಸುವವರು ತಯಾರಿಸುವವರಾಗುವ ದಾರಿ ಸ್ವತಂತ್ರ ತಂತ್ರಾಂಶದಲ್ಲಿ ಮಾತ್ರ ಪೂರ್ತಿ ತೆರೆದಿರುತ್ತದೆ, ಏಕೆಂದರೆ ಅಲ್ಲಿ ಕುತೂಹಲಿ ವಿದ್ಯಾರ್ಥಿಯ ಎದುರು ಮುಚ್ಚಿದ ಬಾಗಿಲು ಯಾವುದೂ ಇರುವುದಿಲ್ಲ.

ಕೇರಳದ ಈ ಕಥನದಲ್ಲಿ ಕನ್ನಡದ ಪಾಲೂ ಇದೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಇದೇ ವ್ಯವಸ್ಥೆಯಲ್ಲಿ ಕಲಿಯುತ್ತಾರೆ. ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲಿಯೂ ಪ್ರಕಟವಾಗುತ್ತದೆ. ಕರ್ನಾಟಕದಲ್ಲಿಯೂ ಕೆಲಸವೇ ಆಗಿಲ್ಲವೆಂದಲ್ಲ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಆಶ್ರಯದಲ್ಲಿ ನಡೆದ ವಿಷಯ ಶಿಕ್ಷಕರ ವೇದಿಕೆಯು ಪ್ರೌಢಶಾಲಾ ಶಿಕ್ಷಕರಿಗೆ ಸ್ವತಂತ್ರ ತಂತ್ರಾಂಶಗಳಲ್ಲೇ ತರಬೇತಿ ಕೊಟ್ಟು, ಅವರೇ ಬರೆದ ಪಾಠ ಸಾಮಗ್ರಿಯನ್ನು ಮುಕ್ತ ಶೈಕ್ಷಣಿಕ ಸಂಪನ್ಮೂಲವಾಗಿ ಹಂಚಿತು. ಮುಂಬಯಿಯ ಐಐಟಿ ರೂಪಿಸಿದ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡ ಧ್ವನಿಯಲ್ಲೂ ದೊರೆಯುತ್ತವೆ. ಕೊರತೆಯಿರುವುದು ಪ್ರತಿಭೆಯಲ್ಲಿ ಅಲ್ಲ. ಪಠ್ಯ, ತರಬೇತಿ, ಪರೀಕ್ಷೆ, ಯಂತ್ರ ಈ ನಾಲ್ಕನ್ನೂ ಒಂದೇ ನೀತಿಗೆ ಕಟ್ಟಿ ಎರಡು ದಶಕ ಬಿಡದೆ ನಡೆಸುವ ಸ್ಥಿರತೆಯಲ್ಲಿ.

ಇಲ್ಲಿಂದ ಮುಂದಿನ ವಿಷಯವಾದ ಭಾಷೆಗೆ ಬರಬಹುದು. ಗಣಕದಲ್ಲಿ ಕನ್ನಡದ ಇತಿಹಾಸವು ಉಚಿತಕ್ಕೂ ಸ್ವತಂತ್ರಕ್ಕೂ ಇರುವ ಅಂತರವನ್ನು ಬೇರಾವ ಗ್ರಂಥಕ್ಕಿಂತಲೂ ಚೆನ್ನಾಗಿ ಕಲಿಸುತ್ತದೆ. ಈ ಇತಿಹಾಸದ ಮೊದಲ ಸಾಲಿನಲ್ಲಿ ನಾಡೋಜ ಕೆ. ಪಿ. ರಾವ್ ಅವರ ಹೆಸರು ನಿಲ್ಲುತ್ತದೆ. ಕಾಗುಣಿತ ಮತ್ತು ಒತ್ತಕ್ಷರಗಳು ನಿಯಮಬದ್ಧವಾಗಿ ಹುಟ್ಟುವುದರಿಂದ ಮೂಲಾಕ್ಷರಗಳನ್ನು ಮಾತ್ರ ಕೀಲಿಗಳಿಗೆ ಹಂಚಿದರೆ ಸಾಕು, ಉಳಿದದ್ದನ್ನು ಗಣಕವೇ ಜೋಡಿಸುತ್ತದೆ ಎಂಬ ತಿಳಿವಿನಿಂದ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ಇಡೀ ಕನ್ನಡವನ್ನು ಹಿಡಿಸಿತು. ಅದನ್ನು ಅವರು ಎಲ್ಲರ ಬಳಕೆಗೂ ಬಿಟ್ಟುಕೊಟ್ಟದ್ದರಿಂದಲೇ ಅದರ ಮೇಲೆ ಸರ್ಕಾರದ ಶಿಷ್ಟ ಕೀಲಿಮಣೆ ಬೆಳೆಯಿತು, ಇಂದು ಲಿನಕ್ಸ್ ವ್ಯವಸ್ಥೆಯಲ್ಲಿಯೂ ಆ ವಿನ್ಯಾಸ ಲಭ್ಯವಿದೆ.

ಈ ಶತಮಾನದ ಆರಂಭದ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದೊಂದಿಗೆ ಸಿದ್ಧಪಡಿಸಿದ 'ನುಡಿ' ತಂತ್ರಾಂಶವು ಕಚೇರಿ, ಪತ್ರಿಕೆ ಮತ್ತು ಮುದ್ರಣಾಲಯಗಳಿಗೆ ಮಾಡಿದ ಉಪಕಾರ ದೊಡ್ಡದು. ಅದು ಉಚಿತವಾಗಿ ಸಿಕ್ಕಿತು. ಆದರೆ ಅದರ ಮೂಲ ಸಂಕೇತ ಸಾರ್ವಜನಿಕರಿಗೆ ತೆರೆದಿರಲಿಲ್ಲ, ಬಹುಕಾಲ ಅದು ಒಂದೇ ಕಂಪನಿಯ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಮಾತ್ರ ನಡೆಯಿತು, ಮತ್ತು ಅದರ ಹಳೆಯ ಆವೃತ್ತಿಗಳು ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸುವ ಆಗಿನ ವಿಧಾನವನ್ನು ಅನುಸರಿಸಿದ್ದವು. ಅಂಥ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ, ಕನ್ನಡ ಎಂಬ ಪದದ ಕಕಾರದ ಜಾಗದಲ್ಲಿ ರೋಮನ್ ಲಿಪಿಯ 'ಪಿ' ಮತ್ತು ತಲೆಗೆರೆ ಹೊತ್ತ 'ಎ', ನಕಾರದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ, ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಅಕ್ಷರವೊಂದು ಕಾಣಿಸುತ್ತವೆ. ಅದನ್ನು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಅಂತರಜಾಲದಲ್ಲಿ ಓದಲಾಗದು. ವರ್ಷಗಟ್ಟಲೆ ಬೆರಳಚ್ಚಾದ ಆದೇಶಗಳು, ಪ್ರಬಂಧಗಳು, ಪುಸ್ತಕಗಳ ಕರಡುಗಳು ಈ ಸ್ಥಿತಿಯಲ್ಲಿ ಉಳಿದಿವೆ.

ಇದಕ್ಕೆ ಪರಿಹಾರವಾಗಿ ಬಂದ ಯೂನಿಕೋಡ್ ಎಂಬುದು ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ಗೊತ್ತುಪಡಿಸುವ ಮುಕ್ತ ಶಿಷ್ಟತೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಬರೆದು ಮೂಲ ಸಂಕೇತದೊಂದಿಗೆ ಹಂಚಿದವರಲ್ಲಿ ಬಿಡುವಿನ ವೇಳೆಯಲ್ಲಿ ದುಡಿದ ಕನ್ನಡಿಗ ಉತ್ಸಾಹಿಗಳಿದ್ದರು. ಮಲಯಾಳಂ ಭಾಷೆಗೆ ಇದೇ ಬಗೆಯ ಸೇವೆ ಸಲ್ಲಿಸಿದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಬಳಗದ ಅಕ್ಷರವಿನ್ಯಾಸಗಳು ಆ ರಾಜ್ಯದ ಶಾಲಾ ಗಣಕಗಳನ್ನು ಸೇರಿದವು. ಶಾಲೆಯ ನೀತಿಯೂ ಭಾಷೆಯ ಕೆಲಸವೂ ಅಲ್ಲಿ ಒಂದನ್ನೊಂದು ಪೋಷಿಸಿದವು. ಕನ್ನಡದ ಉತ್ಸಾಹಿಗಳಿಗೆ ಆ ಬಗೆಯ ಆಸರೆ ದೊರೆಯದಿದ್ದುದು ಈ ನಾಡಿನ ಭಾಷಾನೀತಿಯ ಒಂದು ಲೋಪವೆಂದೇ ಹೇಳಬೇಕಾಗುತ್ತದೆ.

ಕೊನೆಯದಾಗಿ ತೊಡಕುಗಳ ವಿಚಾರ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಲಿನಕ್ಸ್‌ಗೆ ಬದಲಾಗಲು ತೀರ್ಮಾನಿಸಿ, 2013ರ ಹೊತ್ತಿಗೆ ಸುಮಾರು 15,000 ಗಣಕಗಳನ್ನು ಬದಲಿಸಿ ಮುಗಿಸಿತ್ತಾದರೂ, 2017ರಲ್ಲಿ ಮತ್ತೆ ವಿಂಡೋಸ್ ಕಡೆಗೆ ಹೊರಳಿತು. ಹೊರಗಿನ ಕಚೇರಿಗಳೊಂದಿಗೆ ಕಡತ ವಿನಿಮಯದ ಕಷ್ಟ, ಕೆಲವು ವಿಶೇಷ ತಂತ್ರಾಂಶಗಳ ಅಲಭ್ಯತೆ, ಸಿಬ್ಬಂದಿಯ ಅಸಮಾಧಾನ, ಬದಲಾದ ರಾಜಕೀಯ ನಾಯಕತ್ವ ಎಲ್ಲವೂ ಅದಕ್ಕೆ ಕಾರಣವಾದವು. ಇದನ್ನು ಸ್ವತಂತ್ರ ತಂತ್ರಾಂಶದ ಸೋಲೆಂದು ಓದುವವರಿದ್ದಾರೆ. ಫ್ರಾನ್ಸಿನ ಜಾಂದಾರ್ಮರಿ ಎಂಬ ಪೊಲೀಸ್ ಪಡೆಯ ಅನುಭವವನ್ನು ಪಕ್ಕದಲ್ಲಿಟ್ಟರೆ ಪಾಠ ಬೇರೆಯಾಗಿ ಕಾಣುತ್ತದೆ. ಆ ಪಡೆ 2005ರಲ್ಲಿ ಮೊದಲು ಕಚೇರಿ ಬರವಣಿಗೆಯ ತಂತ್ರಾಂಶವನ್ನು, ಮರುವರ್ಷ ಜಾಲ ವೀಕ್ಷಕವನ್ನು ಬದಲಿಸಿ, ಸಿಬ್ಬಂದಿ ಅವಕ್ಕೆ ಒಗ್ಗಿಕೊಂಡ ಬಳಿಕವೇ 2008ರಿಂದ ಕಾರ್ಯಾಚರಣ ವ್ಯವಸ್ಥೆಗೆ ಕೈಹಾಕಿತು. ಕಣ್ಣಿಗೆ ಕಾಣುವ ಮೇಲ್ಪದರ ಪರಿಚಿತವಾಗಿಯೇ ಇದ್ದುದರಿಂದ ತಳದ ಬದಲಾವಣೆ ಹೊರೆಯೆನಿಸಲಿಲ್ಲ. ಜರ್ಮನಿಯಲ್ಲೇ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಗಣಕಗಳನ್ನು ಲಿಬ್ರೆ ಆಫೀಸ್ ಎಂಬ ಸ್ವತಂತ್ರ ಕಚೇರಿ ತಂತ್ರಾಂಶಕ್ಕೆ ಬದಲಿಸುವ ನಿರ್ಧಾರವನ್ನು 2024ರಲ್ಲಿ ಪ್ರಕಟಿಸಿದ್ದು, ಚರ್ಚೆ ಮುಗಿದಿಲ್ಲವೆಂಬುದಕ್ಕೆ ಸಾಕ್ಷಿ. ಪರವಾನಗಿ ಶುಲ್ಕ ಉಳಿಯಿತೆಂದು ತರಬೇತಿ ಮತ್ತು ನಿರ್ವಹಣೆಯ ಹಣವನ್ನೂ ಉಳಿಸಲು ಹೊರಟ ಸಂಸ್ಥೆಗಳು ಎಡವುತ್ತವೆ. ಆ ಹಣ ಊರಿನ ತಂತ್ರಜ್ಞರಿಗೆ, ಶಿಕ್ಷಕರ ತರಬೇತಿಗೆ, ಭಾಷೆಯ ಕೆಲಸಕ್ಕೆ ಹೋಗಬೇಕು.

ಕೇಂದ್ರ ಸರ್ಕಾರದ 2015ರ ನೀತಿಯು, ತಂತ್ರಾಂಶ ಖರೀದಿಯ ಪ್ರತಿಯೊಂದು ಪ್ರಸ್ತಾವದಲ್ಲೂ ಮುಕ್ತ ಆಕರ ತಂತ್ರಾಂಶವನ್ನು, ಅಂದರೆ ಮೂಲ ಸಂಕೇತ ತೆರೆದಿರುವ ತಂತ್ರಾಂಶವನ್ನು, ಪರಿಗಣಿಸಬೇಕೆಂದೂ ಅದನ್ನು ಕೈಬಿಟ್ಟರೆ ಕಾರಣ ಕೊಡಬೇಕೆಂದೂ ಹೇಳುತ್ತದೆ. ದೇಶದ ಶಿಕ್ಷಕರು ಬಳಸುವ ದೀಕ್ಷಾ ವೇದಿಕೆ ನಿಂತಿರುವುದು ಬೆಂಗಳೂರಿನ ಏಕ್‌ಸ್ಟೆಪ್ ಸಂಸ್ಥೆ ಮುಕ್ತವಾಗಿ ಹಂಚಿದ ಸನ್‌ಬರ್ಡ್ ತಂತ್ರಾಂಶದ ಮೇಲೆ. ನೀತಿಯೂ ಇದೆ, ನೆರೆಯಲ್ಲೇ ನಿದರ್ಶನವೂ ಇದೆ. ಆದುದರಿಂದ ಸಾರ್ವಜನಿಕರ ಹಣದಿಂದ ಕನ್ನಡಕ್ಕಾಗಿ ತಯಾರಾಗುವ ಪ್ರತಿಯೊಂದು ತಂತ್ರಾಂಶದ, ಅಕ್ಷರವಿನ್ಯಾಸದ, ನಿಘಂಟಿನ ಮೂಲ ಸಂಕೇತ ಸ್ವತಂತ್ರ ಪರವಾನಗಿಯಲ್ಲಿ ಕನ್ನಡಿಗರಿಗೆ ದೊರೆಯಬೇಕೆಂದು ಸರ್ಕಾರವನ್ನು ಕೇಳುವ ಮೊದಲ ಮನವಿ ಇಂಥ ವಿದ್ಯಾಸಂಸ್ಥೆಗಳಿಂದಲೇ ಹೋಗಲಿ. ಈ ಸಂಸ್ಥೆಯ ಗ್ರಂಥಾಲಯದಲ್ಲೂ ವಿಭಾಗಗಳಲ್ಲೂ ಯೂನಿಕೋಡಿಗೆ ಬಾರದೆ ಉಳಿದ ಕನ್ನಡ ಕಡತಗಳಿದ್ದರೆ, ಅವನ್ನು ಪರಿವರ್ತಿಸಿ ಎಲ್ಲರೂ ಓದುವಂತೆ ಮಾಡುವ ಕೆಲಸವನ್ನು ಇಲ್ಲಿರುವ ವಿದ್ಯಾರ್ಥಿಗಳು ಈ ವರ್ಷವೇ ಕೈಗೆತ್ತಿಕೊಳ್ಳಬೇಕೆಂದು ವಿನಂತಿ.